ದಾವೋಸ್: ರೋಗಿಗಳು ಕಟ್ಟಿದ ರಜೆಯ ಊರು

ಕನ್ನಡ ಪತ್ರಿಕೆ ಓದುವವರಿಗೆ ದಾವೋಸ್ ಎಂದರೆ ಜನವರಿಯಲ್ಲಿ ಬರುವ ಒಂದು ಸುದ್ದಿ. ಮುಖ್ಯಮಂತ್ರಿ, ಮಂತ್ರಿಗಳು, ಅಧಿಕಾರಿಗಳು ಕೋಟು ಮಫ್ಲರ್ ಹಾಕಿಕೊಂಡು ಹಿಮದ ಮುಂದೆ ನಿಂತ ಫೋಟೋ, ಕೆಳಗೆ ಇಷ್ಟು ಸಾವಿರ ಕೋಟಿ ಹೂಡಿಕೆ ಎಂಬ ಸಾಲು. 2020ರಲ್ಲಿ ಯಡಿಯೂರಪ್ಪನವರು ಹೋಗಿದ್ದರು, 2022ರಲ್ಲಿ ಬೊಮ್ಮಾಯಿಯವರು. ಮುಂಬಯಿ, ಹೈದರಾಬಾದುಗಳಲ್ಲಿರುವ ನಮಗೆ ಇದೇ ಫೋಟೋ ಬೇರೆ ಮುಖಗಳೊಂದಿಗೆ ಮರಾಠಿಯಲ್ಲೋ ತೆಲುಗಿನಲ್ಲೋ ಸಿಗುತ್ತದೆ.

ಈಚೆಗೆ ನಮ್ಮಂಥವರ ಬಾಯಲ್ಲಿ ಈ ಊರಿನ ಹೆಸರು ಇನ್ನೊಂದು ಕಾರಣಕ್ಕೂ ಕೇಳುತ್ತಿದೆ. ಯಶ್ ಚೋಪ್ರಾ ತೋರಿಸಿದ ಸ್ವಿಟ್ಜರ್ಲೆಂಡನ್ನು ಬೇಸಿಗೆ ರಜೆಯಲ್ಲಿ ನೋಡಿ ಮುಗಿಸಿದವರು ಈಗ ಚಳಿಗಾಲದಲ್ಲಿ ಹೋಗಿ ಸ್ಕೀಯಿಂಗ್ ಕಲಿಯಬೇಕು ಅನ್ನುತ್ತಾರೆ. ಗೆಳೆಯರ ಗುಂಪಿನಲ್ಲಿ ಇಂಥ ಪ್ರವಾಸದ ಎಕ್ಸೆಲ್ ಹಾಳೆ ತಯಾರಿಸುವ ಕೆಲಸ ಪ್ರಾಜೆಕ್ಟ್ ಮ್ಯಾನೇಜರನ ಪಾಲಿಗೇ ಬರುತ್ತದೆ, ಅದು ಪ್ರಕೃತಿ ನಿಯಮ. ಹಾಳೆ ತುಂಬಿಸುತ್ತಾ ಊರಿನ ಚರಿತ್ರೆ ಓದುತ್ತಾ ಹೋದಂತೆ ನನಗೆ ಹಿಮಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಒಂದು ಸಂಗತಿ: ಚಳಿಗಾಲದಲ್ಲಿ ಆಲ್ಪ್ಸ್‌ಗೆ ಹೋಗುವ ಈ ಪದ್ಧತಿಯನ್ನು ದಾವೋಸ್‌ನಲ್ಲಿ ಶುರು ಮಾಡಿದವರು ಆಟಗಾರರಲ್ಲ, ಶ್ರೀಮಂತ ಪ್ರವಾಸಿಗಳೂ ಅಲ್ಲ. ಕ್ಷಯ ರೋಗಿಗಳು.

ದಾವೋಸ್ ಇರುವುದು ಪೂರ್ವ ಸ್ವಿಟ್ಜರ್ಲೆಂಡಿನ ಗ್ರಾಬುಂಡೆನ್ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ 1560 ಮೀಟರ್ ಎತ್ತರದ ಕಣಿವೆಯಲ್ಲಿ. ಹದಿಮೂರನೆಯ ಶತಮಾನದಲ್ಲಿ ವಾಲ್ಸರ್ ಎಂಬ ಜನ ಬಂದು ನೆಲೆಸಿದ ಊರು. ದನ, ಹುಲ್ಲು, ಹಾಲು, ಗಿಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಇಡೀ ಗ್ರಾಬುಂಡೆನ್ನೇ ಬಡ ಸೀಮೆ, ಮಕ್ಕಳನ್ನು ಹೊರಗೆ ದುಡಿಯಲು ಕಳಿಸುತ್ತಿದ್ದ ಸೀಮೆ. ಅಲ್ಲಿಂದ ಹೋದವರು ವೆನಿಸ್ಸಿನಲ್ಲಿ ಮಿಠಾಯಿ ಅಂಗಡಿ, ಕಾಫಿ ಅಂಗಡಿ ಇಟ್ಟು ಹೆಸರು ಮಾಡಿದ್ದರು. 1766ರಲ್ಲಿ ವೆನಿಸ್ ಅವರನ್ನು ಹೊರಹಾಕಿದ ಮೇಲೆ ಯುರೋಪಿನ ಉಳಿದ ನಗರಗಳಿಗೆ ಚದುರಿದರು. ಪಕ್ಕದ ಎಂಗಡೀನ್ ಕಣಿವೆಯಲ್ಲಿ ಇಂಥ ವಲಸಿಗರಿಗೆ ಬೇಸಿಗೆಯಲ್ಲಿ ಮಾತ್ರ ಗೂಡಿಗೆ ಬರುವ ಬಾನಾಡಿಗಳ ಹೆಸರೇ ಇದೆ, ‘ರಾಂಡುಲಿನ್ಸ್’. ಉಡುಪಿಯಿಂದ ಮುಂಬಯಿಗೆ ಬಂದು ಹೋಟೆಲು ಇಟ್ಟವರ ಮಕ್ಕಳು ಮೊಮ್ಮಕ್ಕಳಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಲಸೆಗೂ ದಾವೋಸ್‌ನ ಭಾಗ್ಯಕ್ಕೂ ನೇರ ಸಂಬಂಧವಿದೆ. 1853ರಲ್ಲಿ ಈ ಕಣಿವೆಗೆ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯ ಬಂದ. ಜರ್ಮನಿಯ ಮಾನ್‌ಹೈಮ್‌ನವನು, ಕಾನೂನು ಓದುತ್ತಿದ್ದವನು. 1849ರ ಬಾಡೆನ್ ಕ್ರಾಂತಿಯಲ್ಲಿ ಸೇರಿ, ಕ್ರಾಂತಿ ಸೋತ ಮೇಲೆ ತಪ್ಪಿಸಿಕೊಂಡು ಜ್ಯೂರಿಕ್ಕಿಗೆ ಬಂದು ವೈದ್ಯಕೀಯ ಕಲಿತ. ನಿರಾಶ್ರಿತನಿಗೆ ಸಿಕ್ಕ ಕೆಲಸ ಯಾರಿಗೂ ಬೇಡವಾದ ಈ ಹಳ್ಳಿಯದು. ಇಲ್ಲಿ ಅವನು ಎರಡು ವಿಷಯ ಗಮನಿಸಿದ. ಒಂದು, ಕಣಿವೆ ಬಿಟ್ಟು ಹೋಗದವರಲ್ಲಿ ಕ್ಷಯ ಕಾಣುತ್ತಿರಲಿಲ್ಲ. ಎರಡು, ಹೊರದೇಶಗಳಿಗೆ ದುಡಿಯಲು ಹೋಗಿ ಎದೆಯ ಕಾಯಿಲೆ ಹತ್ತಿಸಿಕೊಂಡು ಮರಳಿದವರು ಮನೆಯಲ್ಲಿ ಕೆಲಕಾಲ ಇದ್ದು ಚೇತರಿಸಿಕೊಳ್ಳುತ್ತಿದ್ದರು. ಊರಿಗೆ ಮರಳಿದ ವಲಸಿಗರ ಶ್ವಾಸಕೋಶವೇ ಅವನ ಪ್ರಯೋಗಶಾಲೆಯಾಯಿತು.

ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಯುರೋಪಿನ ವೈದ್ಯರು ಉಳ್ಳವರಿಗೆ ಕೊಡುತ್ತಿದ್ದ ಸಲಹೆ ಚಳಿಗಾಲದಲ್ಲಿ ದಕ್ಷಿಣದ ಬೆಚ್ಚಗಿನ ಕರಾವಳಿಗೆ ಹೋಗಿ ಎಂದು. ಹಿಮ ಬೀಳುವ ಬೆಟ್ಟಕ್ಕೆ ಕ್ಷಯ ರೋಗಿಯನ್ನು ಕಳಿಸುವುದು ಹುಚ್ಚಾಟ ಅನ್ನಿಸುತ್ತಿತ್ತು. 1865ರ ಫೆಬ್ರವರಿಯಲ್ಲಿ ಆ ಹುಚ್ಚಾಟಕ್ಕೆ ಇಬ್ಬರು ಸಿಕ್ಕಿದರು. ಫ್ರೀಡ್ರಿಖ್ ಉಂಗರ್, ಸ್ವತಃ ವೈದ್ಯ. ಹ್ಯೂಗೋ ರಿಕ್ಟರ್, ಪುಸ್ತಕ ವ್ಯಾಪಾರಿ. ಇಬ್ಬರಿಗೂ ಕ್ಷಯ, ಇಬ್ಬರೂ ಬೇರೆಡೆ ಚಿಕಿತ್ಸೆ ಪಡೆದು ಗುಣವಾಗದವರು. ಸ್ಲೆಡ್ಜಿನಲ್ಲಿ ಬಂದಿಳಿದ ಈ ಇಬ್ಬರು ಚಳಿಯಲ್ಲಿ, ಬಿಸಿಲಲ್ಲಿ, ತೆರೆದ ಗಾಳಿಯಲ್ಲಿ ಕಾಲ ಕಳೆದು ಚೇತರಿಸಿಕೊಂಡರು. ದಾವೋಸ್‌ನ ಚಳಿಗಾಲದ ಪ್ರವಾಸೋದ್ಯಮದ ಮೊದಲ ಗಿರಾಕಿಗಳು ಇವರೇ.

ಎರಡು ವರ್ಷದ ನಂತರ ವಿಲ್ಲೆಮ್ ಯಾನ್ ಹೋಲ್ಸ್‌ಬೂರ್ ಎಂಬ ಡಚ್ಚರವನು ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಬಂದ. ಹೆಂಡತಿ ಉಳಿಯಲಿಲ್ಲ. ಅವನು ಊರು ಬಿಡಲೂ ಇಲ್ಲ. ಸ್ಪೆಂಗ್ಲರನ ಜತೆ ಸೇರಿ ಚಿಕಿತ್ಸಾಲಯ ಕಟ್ಟಿದ, ರೋಗಿಗಳು ಕುದುರೆಗಾಡಿಯಲ್ಲಿ ಕುಲುಕಾಡುತ್ತಾ ಬರುವುದನ್ನು ತಪ್ಪಿಸಲು ಲಾಂಡ್‌ಕ್ವಾರ್ಟ್‌ನಿಂದ ರೈಲು ಹಾಕಿಸಿದ. 1890ರಲ್ಲಿ ಆ ರೈಲು ದಾವೋಸ್ ಮುಟ್ಟಿತು. ಇಂದು ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಇಳಿದು, ಲಾಂಡ್‌ಕ್ವಾರ್ಟ್‌ನಲ್ಲಿ ಕೆಂಪು ಬಣ್ಣದ ಚಿಕ್ಕ ರೈಲಿಗೆ ಬದಲಾಯಿಸಿ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ನೀವು ಮೇಲೆ ತಲುಪುವುದು ಆ ರೋಗಿಗಳ ದಾರಿಯಲ್ಲೇ.

ಆಮೇಲಿನ ನಲವತ್ತು ಐವತ್ತು ವರ್ಷ ದಾವೋಸ್ ಯುರೋಪಿನ ಕೆಮ್ಮಿನ ರಾಜಧಾನಿ. ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಉದ್ದನೆಯ ಕುರ್ಚಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಮಲಗುವುದೇ ಚಿಕಿತ್ಸೆ. ಚಳಿ ಸೊನ್ನೆಗಿಂತ ಕೆಳಗಿಳಿದರೂ ಒಳಗೆ ಹೋಗುವ ಹಾಗಿಲ್ಲ. ದಿನಕ್ಕೆ ಹಲವು ಬಾರಿ ಜ್ವರ ಅಳೆಯಬೇಕು. ಕಂಡಲ್ಲಿ ಉಗುಳಬಾರದೆಂದು ಜೇಬಿನಲ್ಲಿ ಒಂದು ನೀಲಿ ಗಾಜಿನ ಬಾಟಲಿ, ರೋಗಿಗಳು ಅದಕ್ಕೆ ಇಟ್ಟ ಅಡ್ಡಹೆಸರು ‘ನೀಲಿ ಹೆನ್ರಿ’. 1912ರಲ್ಲಿ ಹೆಂಡತಿಯನ್ನು ನೋಡಲು ಮೂರು ವಾರಕ್ಕೆಂದು ಬಂದ ಥಾಮಸ್ ಮಾನ್ ಇದನ್ನೆಲ್ಲ ನೋಡಿ, 1924ರಲ್ಲಿ ‘ದ ಮ್ಯಾಜಿಕ್ ಮೌಂಟನ್’ ಕಾದಂಬರಿ ಪ್ರಕಟಿಸಿದ. ಅದರ ನಾಯಕನೂ ಮೂರು ವಾರಕ್ಕೆಂದೇ ಬರುತ್ತಾನೆ, ಏಳು ವರ್ಷ ಉಳಿಯುತ್ತಾನೆ. ಎರಡು ವರ್ಷದ ಆನ್‌ಸೈಟ್ ಎಂದು ಹೊರಟು ಹದಿನೈದು ವರ್ಷವಾದವರು ನಮ್ಮ ನಡುವೆ ಎಷ್ಟಿಲ್ಲ! ಕಾದಂಬರಿಯಲ್ಲಿ ಶಾಟ್ಸಾಲ್ಪ್ ಎಂಬ ಮೇಲಿನ ಸ್ಯಾನಟೋರಿಯಂನಿಂದ ಚಳಿಗಾಲದಲ್ಲಿ ಹೆಣಗಳನ್ನು ಬಾಬ್‌ಸ್ಲೆಡ್ಜಿನಲ್ಲಿ ಕೆಳಗಿಳಿಸುತ್ತಾರೆ ಎಂಬ ಮಾತು ಬರುತ್ತದೆ. ಮಕ್ಕಳು ಕಿರುಚುತ್ತಾ ಜಾರುವ ಇಳಿಜಾರನ್ನು ಇದು ಓದಿದ ಮೇಲೆ ಹಳೆಯ ಕಣ್ಣಿನಿಂದ ನೋಡುವುದು ಕಷ್ಟ.

ಹಾಗಾದರೆ ಆಟ ಬಂದದ್ದು ಎಲ್ಲಿಂದ? ರೋಗಿಯ ಜತೆ ಬಂದ ಆರೋಗ್ಯವಂತರ ಬೇಸರದಿಂದ, ಜತೆಗೆ ತುಸು ಗುಣವಾದವರ ಚಡಪಡಿಕೆಯಿಂದ. ಎದೆಯ ಕಾಯಿಲೆಯಿಂದಲೇ ಬಂದು ನೆಲೆಸಿದ ಇಂಗ್ಲಿಷ್ ಲೇಖಕ ಜಾನ್ ಆಡಿಂಗ್‌ಟನ್ ಸೈಮಂಡ್ಸ್ 1883ರಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ಗೆ ಸ್ಲೆಡ್ಜ್ ಪಂದ್ಯ ಏರ್ಪಡಿಸಿದ. ಅದಕ್ಕೂ ಮೊದಲು ಸ್ಟೀವನ್‌ಸನ್ ಇಲ್ಲಿ ಎರಡು ಚಳಿಗಾಲ ಕಳೆದು ‘ಟ್ರೆಷರ್ ಐಲೆಂಡ್’ ಬರೆದು ಮುಗಿಸಿದ್ದ. ಬಿಸಿಲ ದ್ವೀಪದ ಕತೆ ಹಿಮದಲ್ಲಿ ಮುಗಿಯಿತು.

ಇವರೆಲ್ಲರಿಗಿಂತ ಹೆಚ್ಚು ನೆನಪಿಡಬೇಕಾದವನು ಆರ್ಥರ್ ಕಾನನ್ ಡಾಯ್ಲ್. 1893ರಲ್ಲಿ ಅವನ ಹೆಂಡತಿ ಲೂಯಿಸಾಗೆ ಕ್ಷಯ ಎಂದು ಗೊತ್ತಾಗಿ, ಕೆಲವೇ ತಿಂಗಳು ಎಂದು ವೈದ್ಯರು ಹೇಳಿದಾಗ ಅವನು ಅವಳನ್ನು ದಾವೋಸ್‌ಗೆ ಕರೆತಂದ. ಅದೇ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸ್ ಸ್ವಿಸ್ ಜಲಪಾತವೊಂದಕ್ಕೆ ಬಿದ್ದು ‘ಸತ್ತ’ ಕತೆ ಅಚ್ಚಾಯಿತು. ಹೆಂಡತಿ ಬಾಲ್ಕನಿಯಲ್ಲಿ ಮಲಗಿದ್ದರೆ ಗಂಡ ಏನು ಮಾಡಬೇಕು? ನಾರ್ವೆಯಿಂದ ಸ್ಕೀ ಹಲಗೆಗಳನ್ನು ತರಿಸಿಕೊಂಡ. ಆಗ ದಾವೋಸ್‌ನಲ್ಲಿ ಸ್ಕೀ ಗೊತ್ತಿದ್ದವರು ತೋಬಿಯಾಸ್ ಮತ್ತು ಯೋಹಾನ್ನೆಸ್ ಬ್ರಾಂಗರ್ ಎಂಬ ಅಣ್ಣತಮ್ಮಂದಿರು. ಊರವರು ನಗುತ್ತಾರೆಂದು ಅವರು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. 1894ರ ಮಾರ್ಚ್ 23ರ ನಸುಕಿನಲ್ಲಿ ಮೂವರೂ ಹೊರಟು, ಸುಮಾರು 2440 ಮೀಟರ್ ಎತ್ತರದ ಮೈಯೆನ್‌ಫೆಲ್ಡರ್ ಫುರ್ಗಾ ಕಣಿವೆದಾರಿ ದಾಟಿ ಆಚೆಯ ಅರೋಸಾ ಊರಿಗೆ ಇಳಿದರು. ಕಡಿದಾದ ಒಂದು ಕಡೆ ಡಾಯ್ಲ್‌ನ ಸ್ಕೀಗಳು ಕೈತಪ್ಪಿ ತಾವೇ ಮುಂದೆ ಹೋದವು. ಯಜಮಾನರು ಪ್ಯಾಂಟಿನ ಮೇಲೆ ಕೂತು ಜಾರಿ ಬಂದರು. ಅರೋಸಾದ ಹೋಟೆಲಿನ ದಾಖಲೆಯಲ್ಲಿ ತೋಬಿಯಾಸ್ ಅವನ ವೃತ್ತಿಯನ್ನು ‘ಕ್ರೀಡಾಪಟು’ ಎಂದು ಬರೆದ. ಆ ವರ್ಷದ ಡಿಸೆಂಬರಿನ ಸ್ಟ್ರ್ಯಾಂಡ್ ಮ್ಯಾಗಜೀನಿನಲ್ಲಿ ಡಾಯ್ಲ್ ಈ ಅನುಭವ ಬರೆದು, ಮುಂದೊಂದು ಕಾಲಕ್ಕೆ ಇಂಗ್ಲಿಷರು ನೂರಾರು ಸಂಖ್ಯೆಯಲ್ಲಿ ಸ್ಕೀ ಋತುವಿಗೆಂದೇ ಸ್ವಿಟ್ಜರ್ಲೆಂಡಿಗೆ ಬರುತ್ತಾರೆ ಎಂದು ಭವಿಷ್ಯ ನುಡಿದ. ಸಂಖ್ಯೆಯಲ್ಲಿ ತೀರಾ ಕಂಜೂಸಿ ಮಾಡಿದ ಅಷ್ಟೆ. ಲೂಯಿಸಾ 1906ರವರೆಗೆ ಬದುಕಿದಳು.

ಆಮೇಲಿನದು ಯಂತ್ರಗಳ ಕತೆ, ಬೇಗ ಹೇಳಿಬಿಡಬಹುದು. 1931–32ರಲ್ಲಿ ಪಾರ್ಸೆನ್ ರೈಲು ವೈಸ್‌ಫ್ಲೂಯೋಖ್ ಶಿಖರದ ಭುಜದವರೆಗೆ ಏರಿತು. 1934ರಲ್ಲಿ ಬೋಲ್ಗೆನ್ ಇಳಿಜಾರಿನಲ್ಲಿ ಎರ್ನ್‌ಸ್ಟ್ ಕೊನ್‌ಸ್ಟಾಮ್ ಎಂಬ ಎಂಜಿನಿಯರ್ ಸ್ಕೀ ಹಾಕಿಕೊಂಡವರನ್ನು ಹಗ್ಗದಲ್ಲಿ ಮೇಲಕ್ಕೆ ಎಳೆಯುವ ಲಿಫ್ಟ್ ಹಾಕಿದ. ಒಂದು ಇಳಿತಕ್ಕೆ ಅರ್ಧ ದಿನ ಹತ್ತಬೇಕಿದ್ದಲ್ಲಿ ದಿನಕ್ಕೆ ಹತ್ತು ಸಲ ಇಳಿಯುವ ಹಾಗಾಯಿತು. ಆಟ ಉದ್ಯಮವಾದದ್ದು ಅಲ್ಲಿ.

ಪ್ರವಾಸಿ ಕೈಪಿಡಿಗಳು ದಾಟಿಸಿಬಿಡುವ ಒಂದು ಪುಟವೂ ಇದೆ. ಜರ್ಮನ್ ರೋಗಿಗಳು, ಜರ್ಮನ್ ಸ್ಯಾನಟೋರಿಯಂಗಳು ತುಂಬಿದ್ದ ಈ ಊರಿನಲ್ಲೇ ಸ್ವಿಟ್ಜರ್ಲೆಂಡಿನ ನಾತ್ಸಿ ಪಕ್ಷದ ಮುಖ್ಯಸ್ಥ ವಿಲ್‌ಹೆಲ್ಮ್ ಗುಸ್ಟ್‌ಲೋಫ್ ವಾಸವಾಗಿದ್ದ. 1936ರ ಫೆಬ್ರವರಿ 4ರಂದು ಡೇವಿಡ್ ಫ್ರಾಂಕ್‌ಫುರ್ಟರ್ ಎಂಬ ಯಹೂದಿ ವೈದ್ಯ ವಿದ್ಯಾರ್ಥಿ ಅವನ ಮನೆಗೇ ಹೋಗಿ ಗುಂಡು ಹಾರಿಸಿದ. ಸ್ವಿಸ್ ನ್ಯಾಯಾಲಯ 18 ವರ್ಷ ಶಿಕ್ಷೆ ಕೊಟ್ಟಿತು, ಯುದ್ಧ ಮುಗಿದ 1945ರಲ್ಲಿ ಕ್ಷಮೆ ಸಿಕ್ಕಿತು. ಎಂಟು ವರ್ಷ ಮೊದಲು ಇದೇ ಊರಿನಲ್ಲಿ, ಕಾಯಿಲೆಯಿಂದ ಓದು ನಿಂತ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟು ನಡೆಸಿದ ವಿಶ್ವವಿದ್ಯಾಲಯ ಶಿಬಿರಗಳಿಗೆ 1928ರಲ್ಲಿ ಐನ್‌ಸ್ಟೈನ್ ಬಂದು ಪಾಠ ಹೇಳಿದ್ದ. ಊರು ಅದೇ, ಗಾಳಿ ಬದಲಾಗಿತ್ತು.

ಇನ್ನು ಸ್ಯಾನಟೋರಿಯಂಗಳು ಖಾಲಿಯಾದ ಕತೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಹಿಂದೆಯೇ ಪಿಎಎಸ್, ಐಸೋನಿಯಾಜಿಡ್. ಔಷಧ ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಬೆಟ್ಟದ ಗಾಳಿ, ವಿಶ್ರಾಂತಿ, ಪುಷ್ಟಿಕರ ಊಟ ಇಲ್ಲದೆ ಬರೀ ಮಾತ್ರೆ ಸಾಕೇ? ಇದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಆಲ್ಪ್ಸ್ ಅಲ್ಲ, ಚೆನ್ನೈ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ, ವ್ಯಾಲೇಸ್ ಫಾಕ್ಸ್ ನೇತೃತ್ವದಲ್ಲಿ, ನಗರದ ಬಡ ಕೇರಿಗಳ ಸುಮಾರು 190 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷವಿಡೀ ಸ್ಯಾನಟೋರಿಯಂ ವಾಸ, ಒಳ್ಳೆಯ ಊಟ. ಇನ್ನೊಂದು ಗುಂಪಿಗೆ ತಮ್ಮದೇ ಇಕ್ಕಟ್ಟಿನ ಮನೆ, ತಮ್ಮದೇ ಅರೆಹೊಟ್ಟೆ. ಮಾತ್ರೆ ಮಾತ್ರ ಇಬ್ಬರಿಗೂ ಒಂದೇ. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮಾನವಾಗಿ ಗುಣವಾಗಿದ್ದವು. ಮನೆಯಲ್ಲೇ ಉಳಿದ ರೋಗಿಗಳಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಇರಲಿ, ದಾವೋಸ್ ಇರಲಿ, ಇಡೀ ಸ್ಯಾನಟೋರಿಯಂ ಎಂಬ ಕಲ್ಪನೆಗೇ ಬುಡ ಅಲುಗಾಡಿತು. ನನ್ನ ಮಟ್ಟಿಗೆ ಇದು ದಾವೋಸ್ ಚರಿತ್ರೆಯ ಅತಿ ಮುಖ್ಯ ಅಧ್ಯಾಯ, ಅದು ನಡೆದದ್ದು ಮದರಾಸಿನ ಒಂದು ಕೋಣೆಯ ಮನೆಗಳಲ್ಲಿ. ಆದರೆ ಕತೆ ಇಲ್ಲಿ ಮುಗಿಯುವುದಿಲ್ಲ. ಅಲ್ಲಿ ಬಾಲ್ಕನಿಗಳು ಖಾಲಿಯಾಗಿ ದಶಕಗಳಾದವು, ಇಂದಿಗೂ ಜಗತ್ತಿನಲ್ಲಿ ಪ್ರತಿವರ್ಷ ಕ್ಷಯ ತಗಲುವ ನಾಲ್ವರಲ್ಲಿ ಸುಮಾರು ಒಬ್ಬರು ಭಾರತದವರು.

ಖಾಲಿಯಾದ ಊರಿಗೆ ಹೊಸ ಗಿರಾಕಿಗಳು ಬೇಕಿತ್ತು. ಸ್ಯಾನಟೋರಿಯಂಗಳು ಒಂದೊಂದಾಗಿ ಹೋಟೆಲುಗಳಾದವು, ಸಭಾಭವನ ಎದ್ದಿತು, 1971ರಲ್ಲಿ ಕ್ಲಾಸ್ ಶ್ವಾಬ್ ಯುರೋಪಿನ ಕಂಪನಿ ಮುಖ್ಯಸ್ಥರನ್ನು ಕರೆದು ಕೂರಿಸಿದ. ನಮ್ಮ ಮಂತ್ರಿಗಳ ಫೋಟೋಗೆ ದಾರಿಯಾದದ್ದು ಹೀಗೆ.

ಹೋಗುವವರಿಗೆ ಹಾಳೆಯಿಂದ ಕೆಲವು ಸಾಲು. ಜನವರಿಯಲ್ಲಿ ಆ ಸಮ್ಮೇಳನದ ವಾರ ತಪ್ಪಿಸಿ, ರೂಮು ಸಿಗುವುದಿಲ್ಲ, ಸಿಕ್ಕರೂ ದರ ಕೇಳಿ ಜ್ವರ ಬರುತ್ತದೆ. ಮೊದಲ ಸಲ ಸ್ಕೀ ಹಾಕುವವರು ನೇರ ಪಾರ್ಸೆನ್ ಏರಬೇಡಿ, ಬೋಲ್ಗೆನ್‌ನ ಸೌಮ್ಯ ಇಳಿಜಾರಿನಲ್ಲಿ ಶಿಕ್ಷಕರ ಜತೆ ಎರಡು ಮೂರು ದಿನ ಬಿದ್ದು ಏಳಿ. ಹಿಮ ಇದ್ದೇ ಇರುತ್ತದೆ ಎಂಬ ಭರವಸೆ ಈಗ ಕಡಿಮೆ, ತಗ್ಗಿನ ಇಳಿಜಾರುಗಳಲ್ಲಿ ಇನ್ನೂ ಕಡಿಮೆ. ವೈಸ್‌ಫ್ಲೂಯೋಖ್ ಬಳಿ 1936ರಿಂದ ಹಿಮ ಅಳೆಯುತ್ತಾ ಬಂದಿರುವ ಸಂಶೋಧನಾ ಸಂಸ್ಥೆ ಇದೇ ಊರಿನದು. ಈ ಊರಿನವರು ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮರದ ಹೊಟ್ಟು ಮುಚ್ಚಿ, ಬೇಸಿಗೆ ದಾಟಿಸಿ ಅಕ್ಟೋಬರಿನಲ್ಲಿ ಸ್ಕೀ ಹಾದಿಗೆ ಹರಡುತ್ತಾರೆ. ನಮ್ಮವರು ಹಗೇವಿನಲ್ಲಿ ರಾಗಿ ಕಾಪಿಡುತ್ತಿದ್ದ ಹಾಗೆ.

ಒಂದು ದಿನ ಸ್ಕೀ ಬಿಟ್ಟು ಹಳೆಯ ರೈಲಿನಲ್ಲಿ ಶಾಟ್ಸಾಲ್ಪ್‌ಗೆ ಹತ್ತಿ. 1900ರಲ್ಲಿ ತೆರೆದ ಆ ಸ್ಯಾನಟೋರಿಯಂ ಈಗ ಹೋಟೆಲು. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗಳು ಹಾಗೆಯೇ ಇವೆ. ಮಂಚ ಹಿಡಿಸುವಷ್ಟು ಆಳ ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಫಿ ಬರುವಷ್ಟರಲ್ಲಿ ಹೇಳಿ ಮುಗಿಸಬಹುದು.