ಅರ್ಧಾಯುಷ್ಯದ ಗೆರೆ

ಅರ್ಧಾಯುಷ್ಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಕಾಲಮರಣ. ವಿಕಿರಣಶೀಲ ವಸ್ತುಗಳನ್ನು ಕುರಿತ ಪುಸ್ತಕವೊಂದರಲ್ಲಿ ಈ ಮಾತನ್ನು ಮೊದಲು ಕಂಡಾಗ, ಕನ್ನಡ ಪಾಠ ಹೇಳುವ ನಾನು, ಅರ್ಧಾಯುಷ್ಯ ನಾಲ್ಕು ದಿನವಾದರೆ ಪೂರ್ಣಾಯುಷ್ಯ ಎಂಟು ದಿನವಷ್ಟೆ ಎಂದು ಲೆಕ್ಕ ಹಾಕಿದ್ದೆ. ಎಂಟನೆಯ ದಿನಕ್ಕೆ ವಸ್ತು ತೀರಿಹೋಗಬೇಕು. ತೀರುವುದಿಲ್ಲ, ಕಾಲುಭಾಗ ಉಳಿದೇ ಇರುತ್ತದೆ. ತಪ್ಪು ನನ್ನದು ನಿಜ, ಆದರೆ ಆ ಸಮಾಸದ್ದೂ ತುಸು ಇದೆ. ಪೂರ್ಣಾಯುಷ್ಯವೇ ಇಲ್ಲದ ಕಡೆ ಅರ್ಧಾಯುಷ್ಯವೆಂದು ಹೆಸರಿಟ್ಟರೆ ಓದುವವನು ಏನು ಮಾಡಬೇಕು? ಅದರ ಅರ್ಥ ನನಗೆ ಬಿಡಿಸಿಕೊಂಡದ್ದು ನಿಘಂಟಿನಿಂದಲ್ಲ, ಅದು ಹುಟ್ಟಿದ ಕಥೆಯಿಂದ.

ಕಥೆ ನಡೆದದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ರುದರ್‌ಫರ್ಡನು 1898ರಲ್ಲಿ ಅಲ್ಲಿಗೆ ಪ್ರಾಧ್ಯಾಪಕನಾಗಿ ಬಂದಾಗ ಅವನಿಗೆ 27 ವರ್ಷ. ಪ್ರಯೋಗಶಾಲೆ ಕಟ್ಟಿಸಿಕೊಟ್ಟ ಮ್ಯಾಕ್‌ಡೊನಾಲ್ಡ್ ಎಂಬ ಧನಿಕ ಹೊಗೆಸೊಪ್ಪಿನಿಂದಲೇ ಹಣ ಗಳಿಸಿದವನು, ಆದರೆ ಹೊಗೆ ಸೇದುವುದೆಂದರೆ ಅವನಿಗೆ ಅಸಹ್ಯ. ರುದರ್‌ಫರ್ಡನೋ ಪೈಪು ಬಿಡದವನು. ಅದಿರಲಿ.

1899ರಲ್ಲಿ ಓವೆನ್ಸ್ ಎಂಬ ಸಹೋದ್ಯೋಗಿ ಥೋರಿಯಂ ಧಾತುವಿನ ವಿಕಿರಣವನ್ನು ಅಳೆಯುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು. ಬಾಗಿಲು ತೆರೆದು ಗಾಳಿ ಆಡಿದರೆ ಅಳತೆ ಏರುಪೇರಾಗುತ್ತಿತ್ತು. ಕಿರಣ ಗಾಳಿಗೆ ಅಲುಗುವುದುಂಟೆ? ಥೋರಿಯಂನಿಂದ ಅನಿಲದಂಥ ಏನೋ ಹೊರಡುತ್ತಿದೆಯೆಂದು ರುದರ್‌ಫರ್ಡನು ಊಹಿಸಿ, ಅದನ್ನು ಬೇರೊಂದು ಪಾತ್ರೆಗೆ ಹಾಯಿಸಿ ಅಳೆದನು. ಸುಮಾರು ಒಂದು ನಿಮಿಷದಲ್ಲಿ ಅದರ ಬಲ ಅರೆಯಾಯಿತು. ಇನ್ನೊಂದು ನಿಮಿಷಕ್ಕೆ ಕಾಲು, ಮತ್ತೊಂದಕ್ಕೆ ಅರೆಕಾಲು, ಆಮೇಲೆ ವೀಸ. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಕೋಷ್ಟಕವೇ! 1900ರಲ್ಲಿ ಇದು ಪ್ರಕಟವಾಯಿತು.

ಹೀಗೇಕೆ? ಹೋಟೆಲಿನ ಗಾಜಿನ ಲೋಟಗಳನ್ನು ನೆನೆಯಿರಿ. ಲೋಟ ಒಡೆಯುವುದು ಮುಪ್ಪಿನಿಂದಲ್ಲ, ಕೈಜಾರಿದ್ದರಿಂದ. ಹತ್ತು ವರ್ಷ ಬಾಳಿದ ಲೋಟಕ್ಕೂ ನಿನ್ನೆ ತಂದದ್ದಕ್ಕೂ ಇಂದು ಒಡೆಯುವ ಸಂಭವ ಒಂದೇ. ಪರಮಾಣುವಿಗೂ ಮುಪ್ಪಿಲ್ಲ. ಯಾವುದು ಯಾವಾಗ ಸಿಡಿಯುವುದೋ ಹೇಳಬಲ್ಲವರಿಲ್ಲ. ಆದರೆ ಕೋಟಿಗಟ್ಟಲೆ ಪರಮಾಣುಗಳಲ್ಲಿ ಅರ್ಧದಷ್ಟು ಎಷ್ಟು ಹೊತ್ತಿಗೆ ಹೋಗುತ್ತವೆಂದು ನಿಖರವಾಗಿ ಹೇಳಬಹುದು. ಉಳಿದವು ಎಷ್ಟೋ, ಹೋಗುವುದು ಅದರ ಅರ್ಧ. ಆದ್ದರಿಂದಲೇ ಆ ಗೆರೆ ಮೊದಲು ಕಡಿದಾಗಿ ಇಳಿದು, ಬರುಬರುತ್ತ ಮೆತ್ತಗಾಗುತ್ತದೆ. ಹತ್ತು ಅರ್ಧಾಯುಷ್ಯ ಕಳೆದರೂ ಸುಮಾರು ಸಾವಿರದಲ್ಲೊಂದು ಪಾಲು ಮಿಕ್ಕಿರುತ್ತದೆ.

1901ರ ಅಕ್ಟೋಬರಿನಲ್ಲಿ ಫ್ರೆಡರಿಕ್ ಸಾಡಿ ಎಂಬ 24 ವರ್ಷದ ರಸಾಯನಜ್ಞನು ಜೊತೆಗೂಡಿದನು. ಥೋರಿಯಂ ದ್ರಾವಣಕ್ಕೆ ಅಮೋನಿಯ ಹಾಕಿ ಸೋಸಿದರೆ ಥೋರಿಯಂ ಮೇಲೆ ನಿಲ್ಲುತ್ತದೆ. ಸೋಸಿ ಬಂದ ನೀರನ್ನು ಇಂಗಿಸಿದರೆ ಚಿಟಿಕೆಯಷ್ಟು ವಸ್ತು ಸಿಗುತ್ತದೆ. ವಿಕಿರಣದ ದೊಡ್ಡ ಪಾಲು ಈ ಚಿಟಿಕೆಯಲ್ಲಿಯೇ ಇತ್ತು. ಅದಕ್ಕೆ ಥೋರಿಯಂ-ಎಕ್ಸ್ ಎಂದು ಹೆಸರಿಟ್ಟು ಇಬ್ಬರೂ ಕ್ರಿಸ್‌ಮಸ್ ರಜೆಗೆ ಹೋದರು. ಸುಮಾರು ಮೂರು ವಾರದ ಮೇಲೆ ನೋಡಿದರೆ ಎಕ್ಸ್ ಸತ್ವ ಕಳೆದುಕೊಂಡು ಕುಳಿತಿದೆ, ಸಪ್ಪೆಯಾಗಿದ್ದ ಥೋರಿಯಂ ಮೊದಲಿನಂತೆಯೇ ಚುರುಕಾಗಿದೆ!

ಮತ್ತೆ ಬೇರ್ಪಡಿಸಿ ದಿನದಿನವೂ ಅಳೆದರು. 1902ರಲ್ಲಿ ಅವರು ಅಚ್ಚು ಹಾಕಿಸಿದ ನಕ್ಷೆಯನ್ನು ಓದುವುದು ಕಷ್ಟವಲ್ಲ. ಅಡ್ಡಲಾಗಿ ದಿನಗಳು, ನೆಟ್ಟಗೆ ವಿಕಿರಣದ ಬಲ. ಇಳಿಯುವ ಗೆರೆ ಎಕ್ಸ್‌ನದು, ಏರುವುದು ಥೋರಿಯಂನದು. ಸುಮಾರು ನಾಲ್ಕನೆಯ ದಿನಕ್ಕೆ ಎರಡೂ ಅರ್ಧದ ಎತ್ತರದಲ್ಲಿ ಸಂಧಿಸುತ್ತವೆ. ಮೊದಲ ಎರಡು ದಿನ ಮಾತ್ರ ಗೆರೆಗಳು ಮಾತು ಕೇಳುವುದಿಲ್ಲ: ಇಳಿಯಬೇಕಾದದ್ದು ತುಸು ಏರುತ್ತದೆ, ಏರಬೇಕಾದದ್ದು ಇಳಿಯುತ್ತದೆ. ಥೋರಿಯಂನ ಸಂತತಿಯ ಇನ್ನೊಂದು ಅಲ್ಪಾಯು ವಸ್ತು ಸೋಸುವಾಗ ಹಿಂದೆ ಉಳಿದುದರ ಫಲವಿದು. ಈ ಸೊಟ್ಟನ್ನು ಅವರು ತಿದ್ದಿ ಅಂದ ಮಾಡಲಿಲ್ಲ, ಇದ್ದಂತೆಯೇ ಬರೆದು ಕಾರಣ ಹೇಳಿದರು. ನನಗೆ ಆ ನಕ್ಷೆಯಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು ಇದೇ. ಎರಡನೆಯ ದಿನದಿಂದಾಚೆಗೆ ಇಳಿಯುವ ಗೆರೆಯ ಯಾವ ಬಿಂದುವನ್ನಾದರೂ ಹಿಡಿದು ನಾಲ್ಕು ದಿನ ಬಲಕ್ಕೆ ಸರಿಯಿರಿ, ಎತ್ತರ ಅರ್ಧವಾಗಿರುತ್ತದೆ.

ಒಂದು ಕಳೆದುಕೊಂಡಷ್ಟನ್ನು ಇನ್ನೊಂದು ಗಳಿಸುತ್ತಿದೆ. ತಳ ಸೋರುವ ಹಂಡೆಗೆ ಒಂದೇ ಸಮನೆ ನಲ್ಲಿ ಬಿಟ್ಟರೆ ನೀರು ಒಂದು ಮಟ್ಟಕ್ಕೆ ಬಂದು ನಿಲ್ಲುವಂತೆ, ಥೋರಿಯಂ ಸದಾ ಎಕ್ಸನ್ನು ಹೆರುತ್ತಿದೆ, ಎಕ್ಸ್ ಸದಾ ನಶಿಸುತ್ತಿದೆ. ಎಂದರೆ ಒಂದು ಧಾತು ತಾನಾಗಿಯೇ ಇನ್ನೊಂದಾಗುತ್ತಿದೆ! ಧಾತುಗಳು ಅಚಲವೆಂಬ ನಂಬಿಕೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರವೆಲ್ಲ ನಿಂತಿತ್ತು. ಇದು ಧಾತುಪರಿವರ್ತನೆಯೆಂದು ಸಾಡಿ ಉದ್ಗರಿಸಿದಾಗ, ಆ ಮಾತೆತ್ತಬೇಡ, ನಮ್ಮನ್ನು ರಸವಾದಿಗಳೆಂದು ತಲೆ ತೆಗೆದಾರು ಎಂದು ರುದರ್‌ಫರ್ಡನು ಬಾಯಿ ಮುಚ್ಚಿಸಿದನೆಂದು ಸಾಡಿಯೇ ಮುಂದೆ ನೆನೆದುಕೊಂಡಿದ್ದಾನೆ. ವಿಶ್ವವಿದ್ಯಾಲಯಕ್ಕೆ ಕೆಟ್ಟ ಹೆಸರು ಬಂದೀತೆಂದು ಅಳುಕಿದ ಸಹೋದ್ಯೋಗಿಗಳೂ ಇದ್ದರು.

1931ರಲ್ಲಿ ರುದರ್‌ಫರ್ಡನಿಗೆ ಬ್ಯಾರನ್ ಪದವಿ ಬಂದು, ರೂಢಿಯಂತೆ ಅವನ ಹೆಸರಿಗೊಂದು ಲಾಂಛನ ರಚಿತವಾಯಿತು. ಅದರ ಗುರಾಣಿಯ ಮೇಲೆ ಇರುವುದು ಒಂದನ್ನೊಂದು ಹಾಯುವ ಆ ಎರಡು ಬಾಗುಗೆರೆಗಳೇ. ಗುರಾಣಿಯ ಒಂದು ಪಕ್ಕಕ್ಕೆ ನಿಂತವನು ನ್ಯೂಜಿಲೆಂಡಿನ ಮಾವೊರಿ. ಇನ್ನೊಂದು ಪಕ್ಕಕ್ಕೆ, ರಸವಾದಿಗಳ ಮೂಲಪುರುಷನೆನಿಸಿದ ಹರ್ಮಿಸ್ ಟ್ರಿಸ್‌ಮೆಜಿಸ್ಟಸ್.