ಗೋಪುರದ ಅನುಮತಿ ಮತ್ತು ವೈಮಾನಿಕನ ಹೊಣೆ

ವಿಮಾನವೊಂದು ನಿಯಂತ್ರಣ ಗೋಪುರದ ಅನುಮತಿಯಿಲ್ಲದೆ ನೆಲಕ್ಕಿಳಿಯಿತೆಂಬ ಸುದ್ದಿ ಬಂದೊಡನೆ ವೈಮಾನಿಕನನ್ನು ತಪ್ಪಿತಸ್ಥನೆಂದು ಎಣಿಸುವುದು ಲೋಕರೂಢಿ. ಅನುಮತಿ ದೊರೆತಿದ್ದರೆ ಎಲ್ಲವೂ ಕ್ಷೇಮವಾಗಿಯೇ ಇರುತ್ತಿತ್ತೆಂಬುದು ಅದೇ ರೂಢಿಯ ಇನ್ನೊಂದು ಮುಖ. ಈ ಎರಡು ಭಾವನೆಗಳೂ ಇತಿಹಾಸದ ಪರೀಕ್ಷೆಯಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ. ಇದನ್ನು ಕನ್ನಡನಾಡಿನಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ನಡೆದ ಕೆಲವು ಘಟನೆಗಳಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಮುರುಗಮಲ್ಲಗಳ ಕಡೆಯ ವಿದ್ಯಾರ್ಥಿಗೆ ವಿಮಾನವು ದೂರದ ವಸ್ತುವಾಗಿ ಉಳಿದಿಲ್ಲ. ಆದುದರಿಂದ ಈ ವಿಚಾರವು ನಮ್ಮ ತರಗತಿಗಳಿಗೂ ಸಲ್ಲತಕ್ಕದ್ದು.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ವಿಮಾನವು ಗೋಪುರಕ್ಕಿಂತ ಹಳೆಯದು. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹು ನಿಲ್ದಾಣಕ್ಕೆ ಅಂಚೆಯನ್ನು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಆ ಸಣ್ಣ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಬಳ್ಳಾರಿಯಲ್ಲಿ ಇಳಿಯುವವನು ಗಾಳಿಯ ದಿಕ್ಕನ್ನೂ ನೆಲದ ಸ್ಥಿತಿಯನ್ನೂ ಕಣ್ಣಳತೆಯಿಂದಲೇ ತಿಳಿದು, ತಾನೇ ನಿರ್ಣಯ ಮಾಡಬೇಕಾಗಿತ್ತು. ಕೇಳಬೇಕೆಂದರೂ ಅನುಮತಿ ಕೊಡುವವರಿಲ್ಲದ ಕಾಲ ಅದು. ನಿರ್ಣಯವೂ ಹೊಣೆಯೂ ಒಬ್ಬನಲ್ಲಿಯೇ ನೆಲೆಸಿದ್ದುವು.

ವಿಮಾನಗಳ ಸಂಖ್ಯೆ ಬೆಳೆದಂತೆ ಈ ಸ್ವಾತಂತ್ರ್ಯವೇ ಅಪಾಯಕ್ಕೆ ಕಾರಣವಾಯಿತು. ಒಬ್ಬನ ಕಣ್ಣಿಗೆ ಬೀಳದ ಇನ್ನೊಂದು ವಿಮಾನವು ಅದೇ ರನ್‌ವೇಯಲ್ಲಿರಬಹುದು. ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ೧೯೨೦ರಲ್ಲಿಯೇ ಗೋಪುರವೊಂದು ಏರ್ಪಟ್ಟಿತ್ತು. ೧೯೪೪ರ ಶಿಕಾಗೋ ಒಪ್ಪಂದದ ಫಲವಾಗಿ ೧೯೪೭ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಸ್ಥಾಪಿತವಾದ ಮೇಲೆ ನಿಯಮಗಳಿಗೆ ಜಗದ್ವ್ಯಾಪಿ ಏಕರೂಪತೆ ಬಂದಿತು. ರೇಡಿಯೋ ಕೆಟ್ಟರೆ ಗೋಪುರದಿಂದ ದೀಪದ ಸಂಜ್ಞೆ ದೊರೆಯುತ್ತದೆ: ಆಗಸದಲ್ಲಿರುವವನಿಗೆ ಸ್ಥಿರವಾದ ಹಸಿರು ಬೆಳಕು ಇಳಿಯಲು ಅನುಮತಿ, ಸ್ಥಿರವಾದ ಕೆಂಪು, ಇತರರಿಗೆ ದಾರಿಬಿಟ್ಟು ಸುತ್ತುತ್ತಿರಬೇಕೆಂಬ ಸೂಚನೆ, ಮಿನುಗುವ ಕೆಂಪು, ನಿಲ್ದಾಣ ಸುರಕ್ಷಿತವಲ್ಲವೆಂಬ ಎಚ್ಚರಿಕೆ. ಆದರೆ ಇದೇ ನಿಯಮಾವಳಿಯು ವಿಮಾನದ ಅಂತಿಮ ಅಧಿಕಾರವನ್ನು ಅದರ ಮುಖ್ಯ ವೈಮಾನಿಕನಲ್ಲಿಯೇ ಉಳಿಸಿತು. ಸುರಕ್ಷತೆಗೆ ಅನಿವಾರ್ಯವಾದಾಗ ನಿಯಮವನ್ನು ಮೀರುವ ಅವಕಾಶವನ್ನೂ ಕೊಟ್ಟಿತು. ಅಂದರೆ, ಗೋಪುರವು ಬಂದರೂ ಬಳ್ಳಾರಿಯ ವೈಮಾನಿಕನ ಹೊಣೆ ಅಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಅನುಮತಿಯಿಲ್ಲದ ಇಳಿತಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಭ್ರಮೆಯಿಂದ ಆದುದು. ಮುಂಬಯಿಯಲ್ಲಿ ಸಾಂತಾಕ್ರೂಜ್ ಮತ್ತು ಜುಹು ನಿಲ್ದಾಣಗಳು ಅತಿ ಸಮೀಪದಲ್ಲಿವೆ. ಜುಹುವಿನ ರನ್‌ವೇ ಬಹಳ ಚಿಕ್ಕದು. ೧೯೫೩ರ ಜುಲೈಯಲ್ಲಿ ಬ್ರಿಟಿಷ್ ಕಾಮೆಟ್ ವಿಮಾನವೊಂದು ಸಾಂತಾಕ್ರೂಜ್ ಎಂದು ತಿಳಿದು ಜುಹುವಿನಲ್ಲಿ ಇಳಿಯಿತು. ೧೯೭೨ರ ಸೆಪ್ಟೆಂಬರ್ ೨೪ರಂದು ಜಪಾನಿನ ಡಿ.ಸಿ.-೮ ವಿಮಾನವೂ ಹಾಗೆಯೇ ಇಳಿದು, ರನ್‌ವೇಯನ್ನು ದಾಟಿ ಹೋಗಿ ಜಖಂಗೊಂಡಿತು. ವೈಮಾನಿಕನಿಗೆ ಅನುಮತಿ ಇದ್ದುದು ಒಂದು ನೆಲಕ್ಕೆ, ಅವನು ಮುಟ್ಟಿದ್ದು ಇನ್ನೊಂದು ನೆಲವನ್ನು.

ಎರಡನೆಯದು ಅನಿವಾರ್ಯತೆಯಿಂದ ಆದುದು. ೧೯೯೩ರ ನವೆಂಬರ್ ೧೫ರಂದು ಮದರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-೩೦೦ ವಿಮಾನವು ಮಸಕಿನ ದೆಸೆಯಿಂದ ಅಲ್ಲಿ ಇಳಿಯಲಾರದೆ ಹಿಂದಿರುಗಿತು. ರೆಕ್ಕೆಯ ಫ್ಲಾಪುಗಳು ಸರಿಯಾಗಿ ಒಳಸೇರದೆ ಇದ್ದುದರಿಂದ ಇಂಧನವು ಎಣಿಕೆಗಿಂತ ಬೇಗ ಮುಗಿಯಿತು. ಕಡೆಗೆ ವಿಮಾನವು ತಿರುಪತಿಯ ಸಮೀಪ ಭತ್ತದ ಗದ್ದೆಯಲ್ಲಿ ಇಳಿಯಬೇಕಾಯಿತು. ಒಳಗಿದ್ದ ೨೬೨ ಜನರಲ್ಲಿ ಒಬ್ಬರೂ ಸಾಯಲಿಲ್ಲ. ಇಂಧನ ತೀರುವವರೆಗೆ ನಡೆದುದರ ವಿಮರ್ಶೆ ಬೇರೆ. ಆ ಗದ್ದೆಗೆ ಅನುಮತಿ ಎಲ್ಲಿತ್ತೆಂದು ಕೇಳುವುದು ಮಾತ್ರ ಅರ್ಥಹೀನ.

ಇವಕ್ಕೆ ವಿರುದ್ಧವಾದ ಉದಾಹರಣೆ ಮಂಗಳೂರಿನದು. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ವಿಮಾನವು ನಿಯತವಾದ ಹಾದಿಯಲ್ಲಿ ನೆಲೆಗೊಂಡಿದೆಯೆ ಎಂದು ಗೋಪುರವು ಕೇಳಿತು; ಕ್ಯಾಪ್ಟನ್ನರ ಒತ್ತಾಯದಂತೆ ಹೌದೆಂಬ ಉತ್ತರ ಹೋಯಿತು; ಇಳಿಯುವ ಅನುಮತಿಯೂ ಬಂದಿತು. ಮರಳಿ ಮೇಲೇರಬೇಕೆಂದು ಸಹವೈಮಾನಿಕರು ಮೂರು ಸಲ ಹೇಳಿದರು. ಸುಮಾರು ೨,೪೫೦ ಮೀಟರ್ ಉದ್ದದ ರನ್‌ವೇಯಲ್ಲಿ ವಿಮಾನವು ನೆಲ ಮುಟ್ಟಿದ್ದು ೧,೫೦೦ ಮೀಟರಿಗೂ ಹೆಚ್ಚು ದೂರ ಕಳೆದ ಮೇಲೆ. ಅದು ಗುಡ್ಡದ ಅಂಚನ್ನು ದಾಟಿ ಕಣಿವೆಗೆ ಬಿದ್ದಿತು. ೧೬೬ ಜನರಲ್ಲಿ ೧೫೮ ಮಂದಿ ಮಡಿದರು. ಇಲ್ಲಿ ಅನುಮತಿಗೆ ಕೊರತೆಯಿರಲಿಲ್ಲ. ಅದನ್ನು ತಂದುಕೊಟ್ಟ ಉತ್ತರದಲ್ಲಿ ಸತ್ಯದ ಕೊರತೆಯಿತ್ತು. ಗೋಪುರವು ರನ್‌ವೇ ತೆರವಾಗಿದೆಯೆಂದು ಹೇಳಬಲ್ಲುದು. ವಿಮಾನವು ಇಳಿಯಲು ಅರ್ಹವಾದ ಸ್ಥಿತಿಯಲ್ಲಿದೆಯೆ ಎಂಬುದನ್ನು ಅದರೊಳಗಿರುವವರೇ ಬಲ್ಲರು.

ಗೋಪುರವೂ ದೋಷರಹಿತವಲ್ಲ. ೨೦೨೨ರ ಜನವರಿ ೭ರ ಬೆಳಿಗ್ಗೆ ದೇವನಹಳ್ಳಿಯ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಬಹುಮಟ್ಟಿಗೆ ಏಕಕಾಲದಲ್ಲಿ ಮೇಲೇರಿ, ಒಂದನ್ನೊಂದು ಸಮೀಪಿಸತೊಡಗಿದುವು. ಎರಡಕ್ಕೂ ಅನುಮತಿಯಿತ್ತು. ಒಂದು ರನ್‌ವೇಯ ಬಳಕೆಯನ್ನು ನಿಲ್ಲಿಸಿದ ನಿರ್ಧಾರವು ಅದರ ನಿಯಂತ್ರಕರಿಗೆ ತಲುಪಿರಲಿಲ್ಲ. ರೇಡಾರ್ ನಿಯಂತ್ರಕರು ಕೂಡಲೆ ದಿಕ್ಕು ಬದಲಿಸಲು ಸೂಚಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನರ ಪ್ರಾಣ ಉಳಿಯಿತು. ಇದು ಇಳಿತದ ಪ್ರಸಂಗವಲ್ಲದಿದ್ದರೂ ಅನುಮತಿಯ ಮಿತಿಯನ್ನು ಸ್ಪಷ್ಟಪಡಿಸುತ್ತದೆ.

ಇದರಿಂದ ಗೋಪುರದ ಮಾತನ್ನು ಹಗುರವಾಗಿ ಎಣಿಸಬಹುದೆಂಬ ತೀರ್ಮಾನಕ್ಕೆ ಬರಲಾಗದು. ತಾನು ಕಾಣದುದನ್ನು ಕಾಣುವ ಇನ್ನೊಂದು ಕಣ್ಣು ವೈಮಾನಿಕನಿಗೆ ಅತ್ಯವಶ್ಯಕ. ಸಕಾರಣವಿಲ್ಲದೆ ಅದನ್ನು ಕಡೆಗಣಿಸಿದವನು ಪರರ ಪ್ರಾಣವನ್ನು ಪಣವಾಗಿಡುತ್ತಾನೆ. ಆದರೆ ಇಳಿಯಬಹುದೆಂಬ ಅನುಮತಿಯು ಇಳಿಯಲೇಬೇಕೆಂಬ ಆಜ್ಞೆಯಲ್ಲ. ವೈಮಾನಿಕನ ವಿವೇಚನೆಗೆ ಬದಲಾಗಿ ನಿಲ್ಲತಕ್ಕ ವಸ್ತುವೂ ಅಲ್ಲ. ಇಂಥ ಘಟನೆಯನ್ನು ಅಭ್ಯಾಸಮಾಡುವವನು ಅನುಮತಿ ಇತ್ತೆ ಎಂಬ ಒಂದೇ ಪ್ರಶ್ನೆಯಲ್ಲಿ ನಿಲ್ಲದೆ, ಯಾವ ತಿಳಿವಳಿಕೆಯ ಮೇಲೆ ಅದನ್ನು ಕೇಳಲಾಯಿತು, ಯಾವ ತಿಳಿವಳಿಕೆಯ ಮೇಲೆ ಕೊಡಲಾಯಿತು ಎಂಬುದನ್ನೂ ವಿಚಾರಿಸಬೇಕು.