ಕುತ್ತಿಗೆಯೊಳಗಿನ ನೀರುಗಂಟಿ

ಬಿಪಿ ನೋಡಿಸಿಕೊಳ್ಳಿ ಅಂದರೆ ನಮ್ಮೂರುಗಳಲ್ಲಿ ಹಿರಿಯರು ಹೇಳುವ ಮಾತು ಹೆಚ್ಚಾಗಿ ಒಂದೇ: "ನಂಗೇನಾಗಿದೆ? ಹೊಲಕ್ಕೆ ಹೋಗ್ತೀನಿ, ಉಣ್ತೀನಿ, ಮಲಗ್ತೀನಿ." ಇದು ಸುಳ್ಳಲ್ಲ. ಬಿಪಿ ಏರಿದ ಬಹಳ ಜನರಿಗೆ ಏನೂ ಅನಿಸುವುದೇ ಇಲ್ಲ. ಹಾಗಾದರೆ ಏರಿದ ಒತ್ತಡವನ್ನು ದೇಹ ತಾನೇ ಯಾಕೆ ಇಳಿಸಿಕೊಳ್ಳುವುದಿಲ್ಲ? ಇದಕ್ಕೆ ಉತ್ತರ ಸಿಗಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಇವತ್ತು ಹೇಳುತ್ತೇವೆ.

ಶುರು ಮಾಡಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವರು ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ತೊಡೆಯ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ನಿಲ್ಲಿಸಿದರು. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತು, ಹೃದಯ ಬಡಿದಂತೆಲ್ಲ ಮೇಲೆ ಕೆಳಗೆ ಆಡಿತು. ಕುದುರೆ ಬದುಕಲಿಲ್ಲ. ಕ್ರೂರ ಪ್ರಯೋಗವೇ ಸರಿ. ಆದರೆ ರಕ್ತದ ಒತ್ತಡವನ್ನು ಅಳೆಯಬಹುದು ಎಂದು 1733ರ ಅವರ ಪುಸ್ತಕ ತೋರಿಸಿಕೊಟ್ಟಿತು.

ಆ ಒತ್ತಡವನ್ನು ಹಿಡಿತದಲ್ಲಿಡುವವರು ಯಾರು? ಮೊದಲ ಸುಳಿವು ಸಿಕ್ಕಿದ್ದು 1851ರಲ್ಲಿ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯ ಒಂದು ನರ ಕತ್ತರಿಸಿದರು. ಆ ಬದಿಯ ಕಿವಿ ಕೆಂಪಾಗಿ ಬಿಸಿಯಾಯಿತು. ಅಂದರೆ ರಕ್ತನಾಳ ಬರೀ ಪೈಪ್ ಅಲ್ಲ. ನರ ಹೇಳಿದಂತೆ ಅದು ಬಿಗಿಯಾಗುತ್ತದೆ, ಸಡಿಲವಾಗುತ್ತದೆ.

ಮನುಷ್ಯರ ಒತ್ತಡವನ್ನು ನಾಳ ಕೊಯ್ಯದೆ ಸುಲಭವಾಗಿ ಅಳೆಯುವ ದಾರಿ ತೋರಿದವರು ಇಟಲಿಯ ರಿವಾ ರೋಚ್ಚಿ. 1896ರಲ್ಲಿ ಅವರು ತೋಳಿಗೆ ಕಟ್ಟಿದ್ದು ಸೈಕಲ್ ಟ್ಯೂಬಿನಿಂದ ಮಾಡಿದ ಪಟ್ಟಿ! 1905ರಲ್ಲಿ ರಷ್ಯಾದ ವೈದ್ಯ ಕೊರೊಟ್‌ಕಾಫ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಸದ್ದು ಶುರುವಾದಾಗ ಮೇಲಿನ ಅಂಕಿ, ನಿಂತಾಗ ಕೆಳಗಿನ ಅಂಕಿ. ಇವತ್ತಿಗೂ ನಮ್ಮ ನರ್ಸಮ್ಮ ಸ್ಟೆತಸ್ಕೋಪ್ ಹಿಡಿದು ಕೇಳುವುದು ಅದೇ ಸದ್ದು.

1920ರ ದಶಕದಲ್ಲಿ ಕಾವಲುಗಾರನೂ ಸಿಕ್ಕಿದ. ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಒಂದು ಚಿಕ್ಕ ಉಬ್ಬು ಇದೆ. ಅಲ್ಲಿನ ನರಗಳು ಒತ್ತಡವನ್ನು ಕ್ಷಣಕ್ಷಣವೂ ನೋಡುತ್ತಿರುತ್ತವೆ ಎಂದು ಜರ್ಮನಿಯ ಹೈನ್‌ರಿಖ್ ಹೇರಿಂಗ್ ತೋರಿಸಿದರು. ಕೆರೆ ಇರುವ ಊರಿನವರಿಗೆ ನೀರುಗಂಟಿ ಗೊತ್ತು. ನೀರಿನ ಮಟ್ಟ ನೋಡಿ ತೂಬು ಎತ್ತುವವನು, ಇಳಿಸುವವನು ಅವನೇ. ಕುತ್ತಿಗೆಯ ಈ ಕಾವಲುಗಾರನದೂ ಅದೇ ಕೆಲಸ. ಮಂಚದಿಂದ ದಡಕ್ಕನೆ ಎದ್ದಾಗ ರಕ್ತ ಕಾಲಿಗೆ ಇಳಿಯುತ್ತದೆ, ಒತ್ತಡ ಕುಸಿಯುತ್ತದೆ. ಕೂಡಲೇ ಇವನು ಮೆದುಳಿಗೆ ಸುದ್ದಿ ಮುಟ್ಟಿಸುತ್ತಾನೆ. ಹೃದಯ ಬೇಗ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ. ಕೆಲವೇ ಸೆಕೆಂಡಿನಲ್ಲಿ ಎಲ್ಲ ಸರಿ. ನಿಧಾನದ ಲೆಕ್ಕ ಮೂತ್ರಪಿಂಡದ್ದು. ಅದು ಉಪ್ಪು, ನೀರನ್ನು ಹೊರಹಾಕಿ ದಿನಗಟ್ಟಲೆಯ ಒತ್ತಡ ನಿಭಾಯಿಸುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳುವುದು ಇದಕ್ಕೇ.

ಇಷ್ಟೆಲ್ಲ ತಿಳಿದಿದ್ದರೂ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಉಳಿಯಲಿಲ್ಲ. 1944ರ ಮಾರ್ಚ್‌ನಲ್ಲಿ ಅವರ ಬಿಪಿ 186/108. ಆಗ ಒಳ್ಳೆಯ ಮಾತ್ರೆಗಳೇ ಇರಲಿಲ್ಲ. 1945ರ ಏಪ್ರಿಲ್ 12ರಂದು ಚಿತ್ರ ಬರೆಸಿಕೊಳ್ಳಲು ಕೂತಿದ್ದವರು ತಲೆನೋವು ಎಂದು ಕುಸಿದರು. ಬಿಪಿ 300/190 ತೋರಿಸಿತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ವಯಸ್ಸು 63.

ಕಾವಲುಗಾರ ಏನು ಮಾಡುತ್ತಿದ್ದ? ಉತ್ತರ ಬಂದಿದ್ದು 1956ರಲ್ಲಿ. ಬಹಳ ದಿನದಿಂದ ಬಿಪಿ ಏರಿದ್ದ ನಾಯಿಗಳನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದರು. ಕುತ್ತಿಗೆಯ ನರಗಳು ಕೆಟ್ಟಿರಲಿಲ್ಲ. ಏರಿದ ಮಟ್ಟಕ್ಕೇ ಒಗ್ಗಿಹೋಗಿದ್ದವು! ಕೆರೆ ದಿನಾ ತುಂಬಿ ತುಳುಕುತ್ತಿದ್ದರೆ ನೀರುಗಂಟಿ ಅದನ್ನೇ ಸರಿಯಾದ ಮಟ್ಟ ಅಂದುಕೊಂಡ ಹಾಗೆ. ಅವನು ಕೂಗುವುದಿಲ್ಲ. ಏರಿ ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ. ನಮ್ಮಲ್ಲಿ ಸವೆಯುವುದು ಹೃದಯ, ಮೆದುಳು, ಮೂತ್ರಪಿಂಡ.

ಅದಕ್ಕೇ "ನಂಗೇನಾಗಿದೆ" ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ರೂಸ್‌ವೆಲ್ಟ್‌ಗೆ ಸಿಗದ ಮಾತ್ರೆ ಇವತ್ತು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ. ಆರಾಮಾಗಿದ್ದೇನೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮುಂದಿನ ಸಲ ಪೇಟೆಗೆ ಹೋದಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ತೋಳಿಗೆ ಪಟ್ಟಿ ಕಟ್ಟಿಸಿ. ಎರಡು ನಿಮಿಷದ ಕೆಲಸ.